ಕಾಣೆ ಮೀನಿನ ಕಿವಿಕಲ್ಲು ಸೀಳಲು ಕಟ್ಟಿದ ಗರಗಸ

ಇದು ಒಂದು ಪುಟ್ಟ ಗರಗಸ ಕಟ್ಟಿದ ಕಥೆ. ಅದರ ಕೆಲಸ ಒಂದೇ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕಲ್ಲನ್ನು ನಟ್ಟನಡುವಿನ ಬಿಂದು ಹಾಳಾಗದ ಹಾಗೆ ಅಡ್ಡಲಾಗಿ, ತೆಳ್ಳಗೆ ಸೀಳಬೇಕು. ಕಲ್ಲು ಸಿಗುವುದು ಕಾಣೆ ಮೀನಿನ ತಲೆಯೊಳಗೆ. ಮಂಗಳೂರಿನವರಿಗೆ ಕಾಣೆ ಅಂದ ಕೂಡಲೇ ರವಾ ಫ್ರೈ ನೆನಪಾಗುತ್ತದೆ. ಆದರೆ ನಾವು ಬಿಸಾಡುವ ಆ ತಲೆಯಲ್ಲಿ, ಮೀನು ಮರಿಯಾಗಿದ್ದಾಗಿನಿಂದ ಎಂಥೆಂಥ ನೀರಿನಲ್ಲಿ ಓಡಾಡಿತು ಅನ್ನುವ ಲೆಕ್ಕ ಬರೆದಿಟ್ಟಿರುತ್ತದೆ.

ಆ ಲೆಕ್ಕ ಓದುವವಳು ನನ್ನ ತಂಗಿ. ನೇತ್ರಾವತಿ ಮತ್ತು ಗುರುಪುರ ನದಿಗಳು ಸೇರುವ ಅಳಿವೆಯಲ್ಲಿ ಮೀನುಗಳು ಸಿಹಿನೀರಿಗೂ ಕಡಲಿಗೂ ಹೇಗೆ ಹೋಗಿ ಬರುತ್ತವೆ ಅನ್ನುವುದು ಅವಳ ಸಂಶೋಧನೆಯ ವಿಷಯ. ನಾನು ಯಂತ್ರ ಬಿಚ್ಚಿ ಕಟ್ಟುವವನು, ಅಷ್ಟೇ. ಕಲ್ಲಿನಲ್ಲಿರುವ ಧಾತುಗಳನ್ನು ಅಳೆಯುವ ಲೇಸರ್ ಯಂತ್ರ ಇರುವ ಒಂದು ಲ್ಯಾಬಿನಲ್ಲಿ ಅವಳಿಗೆ ಸಮಯ ಸಿಕ್ಕಿತ್ತು. ಆದರೆ ಕಲ್ಲು ಕತ್ತರಿಸಿ, ಪಾಲಿಶ್ ಮಾಡಿ ನೀವೇ ತರಬೇಕು ಅಂದಿದ್ದರು. ಇದಕ್ಕೆಂದೇ ಬರುವ ಲೋ-ಸ್ಪೀಡ್ ಡೈಮಂಡ್ ಗರಗಸದ ಬೆಲೆ ಕೇಳಿದ ಮೇಲೆ ಅವಳು ನನಗೆ ಫೋನ್ ಮಾಡಿದಳು.

"ಅಣ್ಣ, ಒಂದು ಮೋಟಾರು, ಒಂದು ಬ್ಲೇಡು, ಸ್ವಲ್ಪ ನೀರು. ಇಷ್ಟೇ ಅಲ್ವಾ?"

ಇಷ್ಟೇ. ಆದರೆ ಆ ಬ್ಲೇಡು ಅಲುಗಬಾರದು. ಇಡೀ ಕೆಲಸದ ಕಷ್ಟ ಇರುವುದು ಅಲ್ಲೇ.

ಯಂತ್ರಕ್ಕೆ ಹೋಗುವ ಮೊದಲು ಕಲ್ಲಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಮೂಳೆಮೀನುಗಳ ಒಳಕಿವಿಯಲ್ಲಿ ಮೂರು ಜೋಡಿ ಕಲ್ಲುಗಳಿರುತ್ತವೆ. ಮೀನು ತೂಕ ತಪ್ಪದೆ ಈಜುವುದಕ್ಕೂ, ಸದ್ದು ಕೇಳುವುದಕ್ಕೂ ಅವು ಬೇಕು. ಕಾಣೆ, ಬಂಗುಡೆಯಂಥ ಕಡಲ ಮೀನುಗಳಲ್ಲಿ ಸ್ಯಾಜಿಟ್ಟಾ ಅನ್ನುವ ಜೋಡಿ ದೊಡ್ಡದು, ನಮಗೆ ಬೇಕಾದದ್ದು ಅದೇ. ಕಾಟ್ಲಾ, ರೋಹು ಜಾತಿಯಲ್ಲಿ ಮಾತ್ರ ಬೇರೆ ಜೋಡಿ ದೊಡ್ಡದಿರುತ್ತದೆ, ಹಾಗಾಗಿ ಅವುಗಳಲ್ಲಿ ಹುಡುಕುವ ರೀತಿಯೂ ಬೇರೆ. ಕಲ್ಲು ಅಂದರೆ ಹೆಚ್ಚುಕಮ್ಮಿ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್, ಅರಗೊನೈಟ್ ರೂಪದ್ದು. ಜೊತೆಗೆ ಒಂದಿಷ್ಟು ಪ್ರೋಟೀನ್. ದಿನಕ್ಕೊಂದು ಪದರ ಕೂಡುತ್ತಾ ಬೆಳೆಯುತ್ತದೆ. ಈ ದಿನದ ಗೆರೆಗಳನ್ನು ಜಾರ್ಜಿಯೊ ಪನೆಲ್ಲಾ ಎಂಬ ವಿಜ್ಞಾನಿ 1971ರಲ್ಲಿ ಮೊದಲು ತೋರಿಸಿಕೊಟ್ಟರು. ವರ್ಷದ ಗೆರೆ ಎಣಿಸಿ ವಯಸ್ಸು ಹೇಳುವುದು ಅದಕ್ಕೂ ಮುಂಚೆ, 1899ರಿಂದಲೇ ಇತ್ತು.

ಮುಖ್ಯವಾದ ಸಂಗತಿ ಇದು: ಮೂಳೆಯನ್ನು ದೇಹ ಕರಗಿಸಿ ಮತ್ತೆ ಕಟ್ಟುತ್ತದೆ, ಕಿವಿಕಲ್ಲನ್ನು ಹಾಗೆ ಮಾಡುವುದಿಲ್ಲ. ಒಮ್ಮೆ ಕೂತ ಪದರ ಕೂತಿತು. ಕ್ಯಾಲ್ಸಿಯಂ ಜಾಗದಲ್ಲಿ ಸುತ್ತಲಿನ ನೀರಿನಿಂದ ಬಂದ ಸ್ಟ್ರಾನ್ಷಿಯಂ, ಬೇರಿಯಂ ಅಲ್ಲಲ್ಲಿ ಸೇರಿಕೊಳ್ಳುತ್ತವೆ. ಕಡಲಿನ ನೀರಿನಲ್ಲಿ ಸ್ಟ್ರಾನ್ಷಿಯಂ ಲೀಟರಿಗೆ ಸುಮಾರು 8 ಮಿಲಿಗ್ರಾಂ. ನದಿಗಳಲ್ಲಿ ಸಾಮಾನ್ಯವಾಗಿ ಅದರ ನೂರನೇ ಒಂದು ಪಾಲು. ಬೇರಿಯಂ ಇದಕ್ಕೆ ತಿರುಗಮುರುಗ, ನದಿ ಕಡೆ ಜಾಸ್ತಿ. ಹಾಗಾಗಿ ನಡುವಿನಿಂದ ಅಂಚಿನವರೆಗೆ ಅಳೆಯುತ್ತಾ ಹೋದರೆ ಮೀನಿನ ಬದುಕು ಸಾಲಾಗಿ ಬರುತ್ತದೆ. ಸೀಳು ನಡುಬಿಂದುವನ್ನು ತಪ್ಪಿದರೆ ಮರಿಯಾಗಿದ್ದ ಕಾಲವೇ ಇಲ್ಲ. ಆಮೇಲೆ ಎಷ್ಟು ಕೋಟಿಯ ಯಂತ್ರ ಇದ್ದರೂ ಅದನ್ನು ತಂದುಕೊಡಲಾರದು.

ಗರಗಸ

ಮೊದಲು ವೇಗ. ಮನೆಯಲ್ಲಿರುವ ನಾಲ್ಕಿಂಚಿನ ಆಂಗಲ್ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಹತ್ತಿರ ತಿರುಗುತ್ತದೆ. ಅದಕ್ಕೆ ಈ ಕಲ್ಲು ಕೊಟ್ಟರೆ ಪುಡಿಯೇ ಸಿಗುವುದು. ನಮಗೆ ನಿಮಿಷಕ್ಕೆ 300 ಸುತ್ತಿನೊಳಗೆ ಸಾಕು. 12 ವೋಲ್ಟಿನ ಗೇರ್ ಮೋಟಾರು, ಅದಕ್ಕೊಂದು ಸ್ಪೀಡ್ ಕಂಟ್ರೋಲರ್. ನೀರಿನ ಪಕ್ಕದಲ್ಲೇ ಕೈಯಾಡಿಸುವ ಯಂತ್ರಕ್ಕೆ 230 ವೋಲ್ಟ್ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅಡಾಪ್ಟರನ್ನು ಗೋಡೆಯ ಮೇಲೆ ಎತ್ತರದಲ್ಲಿಟ್ಟೆ.

ಬ್ಲೇಡನ್ನು ನೇರವಾಗಿ ಮೋಟಾರಿನ ಶಾಫ್ಟಿಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಕಬಾರದು. ಅಗ್ಗದ ಗೇರ್ ಮೋಟಾರಿನ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, ಆಟ ಗೊತ್ತಾಗುತ್ತದೆ. ಅದಕ್ಕೆ ಬ್ಲೇಡಿಗೆ ಬೇರೆಯೇ ಒಂದು 12 ಮಿಮೀ ಶಾಫ್ಟ್, ಅದರ ಎರಡು ಕಡೆ 6201 ಬೇರಿಂಗ್. ಮೋಟಾರಿನಿಂದ ಈ ಶಾಫ್ಟಿಗೆ ಹೊಲಿಗೆ ಯಂತ್ರದ ಮೋಟಾರಿಗೆ ಹಾಕುವ ರಬ್ಬರ್ ಬೆಲ್ಟ್. ಬೆಲ್ಟಿನಿಂದ ಎರಡು ಲಾಭ. ಮೋಟಾರಿನ ನಡುಕ ಬ್ಲೇಡಿಗೆ ದಾಟುವುದಿಲ್ಲ. ಬ್ಲೇಡು ಎಲ್ಲಾದರೂ ಸಿಕ್ಕಿಕೊಂಡರೆ ಬೆಲ್ಟ್ ಜಾರುತ್ತದೆ, ಕಲ್ಲು ಉಳಿಯುತ್ತದೆ.

ಬ್ಲೇಡು ಹರಳು ಕೊಯ್ಯುವವರು ಬಳಸುವಂಥದ್ದು. ಅಡ್ಡಳತೆ 100 ಮಿಮೀ, ದಪ್ಪ 0.4 ಮಿಮೀ, ಅಂಚಿನಲ್ಲಿ ವಜ್ರದ ಪುಡಿ. ಹಲ್ಲು ಇರುವ ಬ್ಲೇಡು ಬೇಡವೇ ಬೇಡ. ಇಷ್ಟು ತೆಳ್ಳಗಿನ ತಗಡು ತಾನಾಗಿ ನೆಟ್ಟಗೆ ನಿಲ್ಲುವುದಿಲ್ಲ. ಎರಡು ಪಕ್ಕದಲ್ಲೂ ದಪ್ಪ ಫ್ಲೇಂಜ್, ಅಂದರೆ ದುಂಡು ಬಿಲ್ಲೆ ಇಟ್ಟು ಒತ್ತಿ ಹಿಡಿಯಬೇಕು, ಅಂಚಿನ ಸ್ವಲ್ಪ ಭಾಗ ಮಾತ್ರ ಹೊರಗೆ ಕಾಣಬೇಕು.

ಫ್ಲೇಂಜಿನಲ್ಲೇ ತೊಂದರೆ ಬಂತು. ಬ್ಲೇಡಿನ ತೂತು ಅರ್ಧ ಇಂಚು, ಅಂದರೆ 12.7 ಮಿಮೀ. ಶಾಫ್ಟ್ 12. ನಡುವಿನ ಸಂದಿಗೆ ಬುಷ್ ಹಾಕಿ, ರೆಡಿಮೇಡ್ ಫ್ಲೇಂಜ್ ಬಿಗಿದು ಓಡಿಸಿದರೆ ಬ್ಲೇಡಿನ ಅಂಚು ಬರಿಗಣ್ಣಿಗೆ ಕಾಣುವಷ್ಟು ಓಲಾಡುತ್ತಿತ್ತು. ಬುಷ್ ಸರಿ ಇತ್ತು, ಬೇರಿಂಗ್ ಸರಿ ಇತ್ತು. ಡಯಲ್ ಗೇಜ್ ತಂದು ಒಂದೊಂದೇ ಕಡೆ ಮುಟ್ಟಿಸುತ್ತಾ ಬಂದ ಮೇಲೆ ಗೊತ್ತಾಯಿತು, ಫ್ಲೇಂಜಿನ ಮುಖವೇ ಶಾಫ್ಟಿಗೆ ಲಂಬಕೋನದಲ್ಲಿ ಇರಲಿಲ್ಲ. ಬೈಕಂಪಾಡಿ ಕಡೆ ಒಂದು ಲೇತ್ ಅಂಗಡಿಗೆ ಒಯ್ದೆ. ಅಲ್ಲಿನ ಹಿರಿಯರು ನೋಡಿದ ಕೂಡಲೇ ಹೇಳಿದರು: "ಫ್ಲೇಂಜ್ ಬೇರೆ, ಶಾಫ್ಟ್ ಬೇರೆ ಮಾಡಿ ಜೋಡಿಸಿದ್ರೆ ಹೀಗೇ ಆಗೋದು ಮಾರಾಯ್ರೇ. ಶಾಫ್ಟಿಗೆ ಹಾಕಿಯೇ ಮುಖ ಹೊಡೀಬೇಕು." ಹಾಗೇ ಮಾಡಿಕೊಟ್ಟರು. ಹೊಸ ಫ್ಲೇಂಜನ್ನು ಶಾಫ್ಟಿಗೆ ಬಿಗಿದು, ಲೇತಿನಲ್ಲಿ ಒಂದೇ ಹಿಡಿತದಲ್ಲಿ ಮುಖವನ್ನೂ 12.7ರ ಮೆಟ್ಟಿಲನ್ನೂ ಕಡೆದರು. ಬುಷ್ ಬೇಕಾಗಲೇ ಇಲ್ಲ. ಓಲಾಟ 0.05 ಮಿಮೀ ಒಳಗೆ ಬಂತು. ಇಡೀ ಯಂತ್ರದಲ್ಲಿ ದುಡ್ಡು ಕೊಟ್ಟು ಮಾಡಿಸಲೇಬೇಕಾದ ಭಾಗ ಇದೊಂದೇ. ಉಳಿದದ್ದರಲ್ಲೆಲ್ಲ ಜುಗಾಡ್ ನಡೆಯುತ್ತದೆ.

ಓಲಾಟದ ಬಗ್ಗೆ ಯಾಕೆ ಇಷ್ಟು ಹಠ? ಓಲಾಡುವ ಬ್ಲೇಡು ತನ್ನ ದಪ್ಪಕ್ಕಿಂತ ಅಗಲವಾದ ಸೀಳು ಮಾಡುತ್ತದೆ. ಅರಗೊನೈಟ್ ಪೆಡಸು, ಪದರ ಪದರವಾಗಿ ಎದ್ದು ಬರುತ್ತದೆ. ಅಂಚು ಒಡೆದರೆ ಮೀನಿನ ಕೊನೆಯ ಕೆಲವು ವಾರಗಳು ಹೋದವು.

ಕಲ್ಲನ್ನು ಹಿಡಿಯುವ ತೋಳು ಅಲ್ಯುಮಿನಿಯಂ ಚಾನಲ್ಲಿನದು. ಒಂದು ತುದಿಯಲ್ಲಿ ಸ್ಕೇಟಿಂಗ್ ಚಕ್ರಕ್ಕೆ ಹಾಕುವ 608 ಬೇರಿಂಗ್ ಎರಡು. ಹಿಂದುಗಡೆ ನಟ್ಟುಗಳನ್ನು ಪೋಣಿಸಿ ತೂಕ ಸರಿದೂಗಿಸಿದೆ. ತೋಳು ತನ್ನ ಭಾರದಿಂದಲೇ ಇಳಿಯಬೇಕು, ಕೈಯಲ್ಲಿ ಒತ್ತಬಾರದು. ಬ್ಲೇಡಿನ ಮೇಲೆ ಬೀಳುವ ಭಾರ ನೂರು ಗ್ರಾಮಿನೊಳಗಿದ್ದರೆ ಸೀಳು ನಿಧಾನ, ಆದರೆ ಚೆಂದ. ಕೊಯ್ದು ಮುಗಿದ ಮೇಲೆ ತೋಳು ಕೆಳಗಿನ ಸ್ವಿಚ್ಚಿನ ಮೇಲೆ ಕೂತು ಮೋಟಾರು ತಾನೇ ನಿಲ್ಲುತ್ತದೆ. ಅಷ್ಟು ಹೊತ್ತು ಪಕ್ಕದಲ್ಲೇ ಕಾದು ಕೂರುವ ತಾಳ್ಮೆ ನನಗಿಲ್ಲ.

ಪಕ್ಕಕ್ಕೆ ಸರಿಸಲು ಗುಜರಿಯಲ್ಲಿ ಸಿಕ್ಕ ಹಳೇ ಮೈಕ್ರೋಮೀಟರಿನ ತಲೆ. ಒಂದು ಗೆರೆಗೆ 0.01 ಮಿಮೀ. ಲೆಕ್ಕ ಸುಲಭ: 0.5 ಮಿಮೀ ದಪ್ಪದ ಹೋಳು ಬೇಕು, ಬ್ಲೇಡು 0.4 ಮಿಮೀ ತಿನ್ನುತ್ತದೆ, ಹಾಗಾದರೆ ಮೊದಲ ಸೀಳಿನಿಂದ ಎರಡನೇ ಸೀಳಿಗೆ 0.9 ಸರಿಸಬೇಕು. ಓಲಾಟಕ್ಕೆ ಒಂದೆರಡು ಗೆರೆ ಜಾಸ್ತಿ ಕೊಡಿ.

ಬ್ಲೇಡಿನ ಕೆಳ ಅಂಚು ನೀರಿನಲ್ಲಿ ಮುಳುಗಿರಬೇಕು. ಅದಕ್ಕೆ ಪ್ಲಾಸ್ಟಿಕ್ ಊಟದ ಡಬ್ಬಿ. ನಲ್ಲಿ ನೀರು, ಬಾವಿ ನೀರು ಬಳಸಬೇಡಿ. ನಾವು ಹುಡುಕುತ್ತಿರುವ ಸ್ಟ್ರಾನ್ಷಿಯಂ, ಬೇರಿಯಂ ಎರಡೂ ಅದರಲ್ಲೇ ಇರುತ್ತವೆ. ಕೊಯ್ಯುವ ಹಂತಕ್ಕೆ ಡಿಸ್ಟಿಲ್ಡ್ ವಾಟರ್ ಸಾಕು. ಕೊನೆಯ ತೊಳೆತಕ್ಕೆ ಲ್ಯಾಬಿನ ಅಲ್ಟ್ರಾಪ್ಯೂರ್ ನೀರೇ ಆಗಬೇಕು.

ಕಲ್ಲು ತೆಗೆಯುವುದು, ಹುಗಿಯುವುದು, ಉಜ್ಜುವುದು

ಮೀನನ್ನು ಮಂಜುಗಡ್ಡೆಯಲ್ಲಿಟ್ಟು ತಂದರೆ ಆಯಿತು, ಫ್ರೀಜರಿನಲ್ಲಿಟ್ಟರೂ ಸರಿ. ಫಾರ್ಮಲಿನ್ ಮಾತ್ರ ಬೇಡ. ಅದರ ಹುಳಿ ಕಲ್ಲನ್ನೇ ಕರಗಿಸುತ್ತದೆ. ಕಿವಿರುಗಳನ್ನು ತೆಗೆದು, ತಲೆಬುರುಡೆಯ ಅಡಿಯಿಂದ ನೋಡಿದರೆ ಎರಡು ಉಬ್ಬು ಕಾಣುತ್ತವೆ. ಅವನ್ನು ಮೆಲ್ಲಗೆ ಬಿಡಿಸಿದರೆ ಕಲ್ಲು ಅಲ್ಲೇ ಕೂತಿರುತ್ತದೆ. ತೆಗೆಯಲು ಪ್ಲಾಸ್ಟಿಕ್ ಚಿಮುಟ, ಲೋಹದ್ದು ಬೇಡ. ಸುತ್ತಲಿನ ಪೊರೆ ಬಿಡಿಸಿ, ತೊಳೆದು, ಧೂಳಿಲ್ಲದ ಕಡೆ ಒಣಗಿಸಿ, ಒಂದೊಂದು ಮೀನಿನದನ್ನು ಒಂದೊಂದು ಪುಟ್ಟ ಶೀಶೆಗೆ ಹಾಕಿ ಚೀಟಿ ಅಂಟಿಸಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಹೊತ್ತಿನಲ್ಲಿ ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಹೊರಗಿನ ಮೀನು ಸಿಗುವುದು ಕಷ್ಟ, ಅಳಿವೆಯ ಒಳಗೆ ಬೀಸುಬಲೆಯವರ ಹತ್ತಿರ ಕೇಳಬೇಕು. ತಂಗಿಗೆ ಎರಡೂ ಕಡೆಯ ಮೀನು ಬೇಕಿತ್ತು, ಅವಳು ಮಳೆಗಾಲಕ್ಕೆ ಮುಂಚೆಯೇ ಕೂಡಿಟ್ಟಿದ್ದಳು.

ಕಲ್ಲನ್ನು ಹುಗಿಯಲು ಎಪಾಕ್ಸಿ ರೆಸಿನ್ ಹುಯ್ಯುವ ಕೆಲಸ ಬಿದ್ದದ್ದು ಜುಲೈಯಲ್ಲಿ. ಕರಾವಳಿಯ ಜುಲೈ ಹೇಗಿರುತ್ತದೆ ಅಂತ ಹೇಳಬೇಕಿಲ್ಲ, ಬಟ್ಟೆಯೇ ಒಣಗುವುದಿಲ್ಲ. ಎಪಾಕ್ಸಿ ಗಟ್ಟಿಯಾದ ಮೇಲೂ ಮೇಲ್ಮೈ ಅಂಟಂಟಾಗಿಯೇ ಉಳಿಯಿತು. ಹಾರ್ಡನರಿನಲ್ಲಿರುವ ಅಮೈನು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಹಾಗಾಗುತ್ತದೆ. ಮುಚ್ಚಳ ಇರುವ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಅದರೊಳಗೆ ಗಟ್ಟಿಯಾಗಲು ಬಿಟ್ಟ ಮೇಲೆ ಸಮಸ್ಯೆ ಹೋಯಿತು. ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಗಡಿ ಅಂಟು ಬೇಡ, ಅದು ರಬ್ಬರಿನಂತೆ ಉಳಿದು ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ನಿಧಾನಕ್ಕೆ ಗಟ್ಟಿಯಾಗುವ, ತಿಳಿಯಾದ ರೆಸಿನ್ ತೆಗೆದುಕೊಳ್ಳಿ. ಚಾಕಲೇಟ್ ಮಾಡುವ ಸಿಲಿಕೋನ್ ಅಚ್ಚಿಗೆ ಮೊದಲು ತೆಳ್ಳಗೆ ಒಂದು ಪದರ ಹುಯ್ದು, ಅದು ಕೂತ ಮೇಲೆ ಕಲ್ಲಿಟ್ಟು, ಮೇಲಿನಿಂದ ಇನ್ನೊಂದು ಪದರ.

ಕಲ್ಲಿನ ಒಳಮುಖದಲ್ಲಿ ಉದ್ದಕ್ಕೂ ಒಂದು ತೋಡು ಇರುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ನಡುಬಿಂದು ಇರುವ ಜಾಗ ಹುಡುಕಿ, ಆ ತೋಡಿಗೆ ಅಡ್ಡಲಾಗಿ ರೆಸಿನ್ನಿನ ಮೇಲೆ ಪೆನ್ಸಿಲ್ ಗೆರೆ ಎಳೆಯಬೇಕು. ಗರಗಸಕ್ಕೆ ದಾರಿ ಹೇಳುವುದು ಈ ಗೆರೆ. ತಂಗಿ ಗೆರೆ ಎಳೆಯುವಾಗ ನಾನು ಮಾತಾಡುವ ಹಾಗಿರಲಿಲ್ಲ. ಗೆರೆಯ ಎರಡು ಪಕ್ಕಕ್ಕೂ ಸಮನಾಗಿ ಜಾಗ ಬಿಟ್ಟು ಎರಡು ಸೀಳು. ನಡುವೆ ಉಳಿಯುವ ಹೋಳೇ ನಮ್ಮ ಮಾಲು.

ಹೋಳನ್ನು ಬಿಸಿಗೆ ಕರಗುವ ಅಂಟಿನಿಂದ ಗಾಜಿನ ಸ್ಲೈಡಿಗೆ ಕೂರಿಸಿ ಉಜ್ಜುವುದು. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ಮೊದಲು 800, ಆಮೇಲೆ 1200, 2000. ಗಾಡಿ ಪೇಂಟಿನವರು ಬಳಸುವುದೇ ಸಾಕು. ಅಲ್ಲಿಂದ ಮುಂದಕ್ಕೆ 3 ಮೈಕ್ರಾನ್ ಮತ್ತು 1 ಮೈಕ್ರಾನ್ ಲ್ಯಾಪಿಂಗ್ ಫಿಲ್ಮ್ ಬೇಕು. ಇದನ್ನು ಎಲ್ಲಿ ತರುವುದು ಅಂತ ತಲೆಕೆಡಿಸಿಕೊಂಡಿದ್ದೆವು. ಆಪ್ಟಿಕಲ್ ಫೈಬರಿನ ಕನೆಕ್ಟರ್ ಪಾಲಿಶ್ ಮಾಡಲು ಇದೇ ಫಿಲ್ಮನ್ನು ಬಳಸುತ್ತಾರೆ. ಫೈಬರ್ ಸಾಮಾನು ಮಾರುವವರ ಹತ್ತಿರ ಕೇಳಿ.

ಉಜ್ಜುವಾಗ ಪದೇಪದೇ ಸೂಕ್ಷ್ಮದರ್ಶಕಕ್ಕೆ ಇಟ್ಟು ನೋಡಬೇಕು. ಮೊದಲು ನಡುಭಾಗ ಮಸುಕು. ಹತ್ತಿರ ಬಂದ ಹಾಗೆ ದಿನದ ಗೆರೆಗಳು ಬಿಗಿಯಾದ ವೃತ್ತಗಳಾಗಿ ಕಾಣುತ್ತವೆ, ಅವುಗಳ ನಡುವೆ ಒಂದು ಕಪ್ಪು ಚುಕ್ಕೆ. ಚುಕ್ಕೆ ಸ್ಪಷ್ಟವಾದಾಗ ನಿಲ್ಲಿಸಬೇಕು. ಇನ್ನೊಂದು ಮೈ ಉಜ್ಜಬೇಕಾದರೆ ಸ್ಲೈಡ್ ಬಿಸಿ ಮಾಡಿ ಹೋಳು ಮಗುಚುವುದು. ಈ ಹಂತದಲ್ಲಿ ಯಂತ್ರ ಬೇಡ ಅನ್ನುವುದು ನನ್ನ ಅಭಿಪ್ರಾಯ. ತಿರುಗುವ ಪಾಲಿಶ್ ತಟ್ಟೆಯನ್ನೂ ಕಟ್ಟಿದ್ದೆ, ಕೆಲಸವೂ ಮಾಡುತ್ತಿತ್ತು. ಆದರೆ ಕೊನೆಯ ಕೆಲವು ಮೈಕ್ರಾನ್‌ಗಳಲ್ಲಿ ಬೆರಳಿಗೆ ತಿಳಿಯುವುದು ಮೋಟಾರಿಗೆ ತಿಳಿಯುವುದಿಲ್ಲ. ಅದನ್ನು ಒರಟು ಉಜ್ಜುವಿಕೆಗೆ ಮಾತ್ರ ಇಟ್ಟುಕೊಂಡೆವು.

ಲೇಸರ್ ಮೇಜಿನ ಮೇಲೆ

ಲ್ಯಾಬಿನ ಕೆಲಸ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ನಾವು ನೋಡುತ್ತಾ ಕೂತದ್ದೇ ಜಾಸ್ತಿ. 193 ನ್ಯಾನೋಮೀಟರಿನ ಲೇಸರ್ ಕಲ್ಲಿನ ಮೇಲೆ ಗೆರೆ ಎಳೆಯುತ್ತಾ ಹೋಗುತ್ತದೆ. ಏಳುವ ಧೂಳನ್ನು ಹೀಲಿಯಂ ಹೊತ್ತೊಯ್ದು ಆರ್ಗಾನ್ ಪ್ಲಾಸ್ಮಾದೊಳಗೆ ತಳ್ಳುತ್ತದೆ. ಅಲ್ಲಿಂದ ಮಾಸ್ ಸ್ಪೆಕ್ಟ್ರೋಮೀಟರ್ ಒಂದೊಂದು ಧಾತುವನ್ನು ಎಣಿಸುತ್ತದೆ. ಮೊದಲು ಒಂದು ಸಲ ಹಗುರವಾಗಿ ಮೇಲ್ಮೈ ಸವರಿಸುತ್ತಾರೆ, ನಮ್ಮ ಕೈಯ ಕೊಳೆ ಹೋಗಲಿ ಅಂತ. ಕ್ಯಾಲ್ಸಿಯಂ ಅಳೆಯಲು ಎಲ್ಲಕ್ಕಿಂತ ಹೆಚ್ಚಾಗಿರುವ 40ರ ಐಸೊಟೋಪನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳೇ ಐಸೊಟೋಪುಗಳು) ಬಿಟ್ಟು 43ನ್ನು ಹಿಡಿಯುತ್ತಾರೆ. ಪ್ಲಾಸ್ಮಾದ ಆರ್ಗಾನಿನದೂ 40 ಆದ್ದರಿಂದ ಎರಡನ್ನೂ ಬೇರೆ ಮಾಡಲಾಗದು. ಮಧ್ಯೆ ಮಧ್ಯೆ ಎನ್‌ಐಎಸ್‌ಟಿ 612 ಎಂಬ, ಧಾತುಗಳ ಪ್ರಮಾಣ ಮೊದಲೇ ಗೊತ್ತಿರುವ ಗಾಜಿನ ತುಂಡನ್ನು ಅಳೆದು ಯಂತ್ರ ದಾರಿ ತಪ್ಪಿಲ್ಲವೆಂದು ನೋಡಿಕೊಳ್ಳುತ್ತಾರೆ.

ಲೇಸರ್ ಚುಕ್ಕೆ 30 ಮೈಕ್ರಾನ್ ಇತ್ತು. ದಿನದ ಒಂದು ಪದರ ಕೆಲವೇ ಮೈಕ್ರಾನ್. ಅಂದರೆ ಒಂದು ಚುಕ್ಕೆಯಲ್ಲಿ ಹಲವು ದಿನಗಳು ಬೆರೆತುಹೋಗುತ್ತವೆ. "ಇಂಥ ತಾರೀಖಿಗೆ ಮೀನು ಉಳ್ಳಾಲ ಸೇತುವೆ ದಾಟಿತು" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಡುಬಿಂದು ಉಳಿದ ಹೋಳುಗಳಲ್ಲಿ ಗ್ರಾಫಿನ ಗೆರೆ ಓದುವ ಹಾಗಿತ್ತು. ಅಳಿವೆಯೊಳಗೆ ಹಿಡಿದ ಒಂದು ಕಾಣೆಯಲ್ಲಿ, ನಡುವಿನ ಹತ್ತಿರ ಸ್ಟ್ರಾನ್ಷಿಯಂ ಎತ್ತರದಲ್ಲಿದ್ದು, ಸ್ವಲ್ಪ ದೂರ ಹೋದ ಮೇಲೆ ಇಳಿದು, ಅದೇ ಜಾಗದಲ್ಲಿ ಬೇರಿಯಂ ಏರಿತ್ತು. ಆಮೇಲೆ ಮತ್ತೆ ಸ್ಟ್ರಾನ್ಷಿಯಂ ಮೇಲಕ್ಕೆ. ಕಡಲಲ್ಲಿ ಹುಟ್ಟಿ, ಮರಿಯಾಗಿ ಅಳಿವೆಗೆ ಬಂದು, ಸ್ವಲ್ಪ ಬೆಳೆದ ಮೇಲೆ ಉಪ್ಪುನೀರಿನ ಕಡೆ ಹೋಗಿ ಬಂದಿರಬೇಕು ಅನ್ನುವುದು ತಂಗಿಯ ಓದು. ದಕ್ಕೆಯಿಂದ ತಂದ ಕೆಲವು ಮೀನುಗಳಲ್ಲಿ ಗೆರೆ ಉದ್ದಕ್ಕೂ ಹೆಚ್ಚುಕಮ್ಮಿ ಸಪಾಟು.

ಸಪಾಟು ಅಂದರೆ ಅಳಿವೆಗೆ ಬಂದೇ ಇಲ್ಲ ಅಂತಲಾ? ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ನದಿಯ ಲೀಟರಿನಲ್ಲಿ 0.07 ಮಿಲಿಗ್ರಾಂ ಸ್ಟ್ರಾನ್ಷಿಯಂ ಇದೆ ಅಂತಿಟ್ಟುಕೊಳ್ಳಿ. ಅದಕ್ಕೆ ನೂರಕ್ಕೆ ಒಂದು ಪಾಲು ಕಡಲ ನೀರು ಬೆರೆತರೆ, ಅಷ್ಟರಿಂದಲೇ 0.08 ಬಂತು. ನಾಲಿಗೆಗೆ ಉಪ್ಪು ಸರಿಯಾಗಿ ಗೊತ್ತಾಗುವ ಮೊದಲೇ ಸ್ಟ್ರಾನ್ಷಿಯಂನಲ್ಲಿ ಅರ್ಧಕ್ಕಿಂತ ಜಾಸ್ತಿ ಕಡಲಿನದು. ನೂರಕ್ಕೆ ಹತ್ತು ಬೆರೆತರೆ ಹೆಚ್ಚುಕಮ್ಮಿ ಎಲ್ಲವೂ ಕಡಲಿನದೇ. ಹಾಗಾಗಿ ಸ್ಟ್ರಾನ್ಷಿಯಂ "ಸಿಹಿನೀರಾ, ಅಲ್ವಾ" ಅನ್ನುವುದನ್ನು ಚೆನ್ನಾಗಿ ಹೇಳುತ್ತದೆ, ಅರ್ಧ ಉಪ್ಪಾ, ಪೂರ್ತಿ ಉಪ್ಪಾ ಅನ್ನುವುದನ್ನು ಹೇಳುವುದು ಕಷ್ಟ. ಬೇರಿಯಂ ಸಹಾಯಕ್ಕೆ ಬರುತ್ತದೆ, ಆದರೆ ನಮ್ಮ ಕರಾವಳಿಯಲ್ಲಿ ಅದಕ್ಕೂ ಒಂದು ತೊಡಕಿದೆ. ಮಳೆಗಾಲದಲ್ಲಿ ಆಳದ ತಣ್ಣೀರು ಮೇಲೆ ಬರುತ್ತದೆ, ಅದರ ಜೊತೆ ಬೇರಿಯಂ ಕೂಡ. ನದಿಗೆ ನೆರೆ ಬರುವುದೂ ಅದೇ ತಿಂಗಳುಗಳಲ್ಲಿ. ಬರೀ ಬೇರಿಯಂ ಏರಿದ್ದನ್ನು ನೋಡಿ ಮೀನು ನದಿಗೆ ಬಂತು ಅನ್ನುವ ಹಾಗಿಲ್ಲ. ಎರಡೂ ಗೆರೆಗಳು ಒಟ್ಟಿಗೆ ತಿರುಗಿರಬೇಕು.

ಇಷ್ಟೆಲ್ಲ ತೊಡಕಿದ್ದರೂ ಈ ಕಲ್ಲುಗಳು ದೊಡ್ಡ ನಂಬಿಕೆಗಳನ್ನೇ ಅಲ್ಲಾಡಿಸಿವೆ. ಹಾವುಮೀನು ಕಡಲಲ್ಲಿ ಹುಟ್ಟಿ ನದಿಯಲ್ಲಿ ಬೆಳೆಯುತ್ತದೆ ಅಂತ ಓದಿದ್ದೇವೆ. ಜಪಾನಿನ ತ್ಸುಕಮೊಟೊ ಮತ್ತು ಜೊತೆಗಾರರು 1998ರಲ್ಲಿ ಇದೇ ಸ್ಟ್ರಾನ್ಷಿಯಂ ಅಳತೆಯಿಂದ, ಕೆಲವು ಹಾವುಮೀನುಗಳು ನದಿಗೆ ಬರದೆ ಕಡಲಲ್ಲೇ ಬದುಕು ಕಳೆಯುತ್ತವೆ ಅಂತ ತೋರಿಸಿದರು.

ಇನ್ನೊಂದು ದಾರಿಯೂ ಇದೆ: ಸ್ಟ್ರಾನ್ಷಿಯಂನ 87 ಮತ್ತು 86ರ ಐಸೊಟೋಪುಗಳ ಅನುಪಾತ. ಕಡಲಲ್ಲಿ ಅದು ಎಲ್ಲೇ ಅಳೆದರೂ 0.7092. ನದಿಯಲ್ಲಿ ಅದು ಕಲ್ಲಿಗೆ ತಕ್ಕ ಹಾಗೆ ಬದಲಾಗುತ್ತದೆ. ಹಳೇ ಗ್ನೈಸ್ ಬಂಡೆಗಳ ಮೇಲೆ ಹರಿದರೆ ಸಾಮಾನ್ಯವಾಗಿ ಅದಕ್ಕಿಂತ ಮೇಲೆ, ಡೆಕ್ಕನ್ ಬಸಾಲ್ಟ್ ಮೇಲೆ ಹರಿದರೆ ಕೆಳಗೆ. ಮೀನಿನ ದೇಹ ಈ ಅನುಪಾತವನ್ನು ಕೆಡಿಸದೆ ಕಲ್ಲಿಗೆ ದಾಟಿಸುತ್ತದೆ, ಅದೇ ಇದರ ದೊಡ್ಡ ಅನುಕೂಲ. ಆದರೆ ಮೊದಲು ನಮ್ಮ ನದಿಯ ನೀರಿನ ಅಳತೆ ಬೇಕು. ತಂಗಿ ಉಪ್ಪಿನಂಗಡಿ, ಬಂಟ್ವಾಳ, ತುಂಬೆ ಅಣೆಕಟ್ಟಿನ ಕೆಳಗೆ, ಉಳ್ಳಾಲ ಸೇತುವೆ, ಅಳಿವೆ ಬಾಗಿಲು ಅಂತ ಜಾಗ ಗುರುತು ಮಾಡಿಕೊಂಡಿದ್ದಾಳೆ. ನೀರನ್ನು 0.45 ಮೈಕ್ರಾನ್ ಸೋಸುಕದಲ್ಲಿ ಸೋಸಿ, ಒಂದೆರಡು ಹನಿ ಶುದ್ಧ ನೈಟ್ರಿಕ್ ಆಮ್ಲ ಹಾಕಿ ತಣ್ಣಗೆ ಇಡಬೇಕು. ಬೇಸಗೆಯಲ್ಲಿ ಒಂದು ಸಲ, ಮಳೆಗಾಲದಲ್ಲಿ ಒಂದು ಸಲವಾದರೂ ತರಬೇಕು, ಎರಡು ಕಾಲದ ನೀರು ಒಂದೇ ಅಲ್ಲ.

ಗರಗಸಕ್ಕೆ ಸದ್ಯಕ್ಕೆ ಒಂದು ಬದಲಾವಣೆ ನಡೆಯುತ್ತಿದೆ. ಒಂದೇ ಶಾಫ್ಟಿನ ಮೇಲೆ ಎರಡು ಬ್ಲೇಡು, ನಡುವೆ 0.5 ಮಿಮೀ ವಾಷರ್. ಒಂದೇ ಇಳಿತದಲ್ಲಿ ಹೋಳು ಸಿಗುತ್ತದೆ, ಮೈಕ್ರೋಮೀಟರ್ ಸರಿಸಿದಾಗ ಬರುವ ಸಣ್ಣ ಆಟವೂ ಇಲ್ಲ. ಎರಡು ಬ್ಲೇಡಿಗೆ ಭಾರ ಜಾಸ್ತಿ ಬೇಕು, ಈಗಿನ ಬೆಲ್ಟ್ ಒಮ್ಮೊಮ್ಮೆ ಜಾರುತ್ತದೆ. ವಾಷರಿನ ಮುಖವನ್ನೂ ಅದೇ ಲೇತಿನಲ್ಲಿ ಹೊಡೆಸಲು ಕೊಟ್ಟಿದ್ದೇನೆ.